ಕೆಂಪು ಬಟ್ಟೆ, ಏಳು ಗಂಟು

ಆ ಊರು ಯಾವ ದಿಕ್ಕಿಗಿದೆ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆಗೆ ಕೈ ತೋರಿಸುತ್ತಾರೆ. ನಾನು ನಾಲ್ಕೂ ದಿಕ್ಕಿಗೆ ನಡೆದು ಚಪ್ಪಲಿ ಸವೆಸಿದವನು. ಪಡುವಣಕ್ಕೊಂದು ಹೊಳೆ, ಮೂಡಣಕ್ಕೊಂದು ಗಡಿಕಲ್ಲು, ನಡುವೆ ಮುನ್ನೂರು ಮನೆ. ನಮ್ಮ ಕಥೆಗೆ ಅಷ್ಟು ಸಾಕು. ಎಲ್ಲ ಊರಿನ ಹಾಗೆ ಅಲ್ಲಿಯೂ ಬೆಳಿಗ್ಗೆ ಹೊಗೆ ಏಳುತ್ತಿತ್ತು, ಮಧ್ಯಾಹ್ನ ಗೊರಕೆ ಏಳುತ್ತಿತ್ತು, ಸಂಜೆ ಜಗಳ ಏಳುತ್ತಿತ್ತು. ವಿಚಿತ್ರ ಅಂದರೆ ಒಂದೇ. ಆ ಊರಿನಲ್ಲಿ ಓದಿದ ಅಕ್ಷರ ನಿಲ್ಲುತ್ತಿರಲಿಲ್ಲ.

ಒಂದು ಸಾಲು ಓದಿದಿರೋ, ಆ ಸಾಲು ಹಾಳೆ ಬಿಟ್ಟು ಎದ್ದು ಹಾರಿಹೋಗುತ್ತಿತ್ತು. ಮೊದಲ ಮಳೆಗೆ ಹುತ್ತದಿಂದ ರೆಕ್ಕೆಹುಳ ಏಳುತ್ತವಲ್ಲ, ಹಾಗೆ. ಎದ್ದ ಅಕ್ಷರಗಳು ಹೊಳೆಯ ಕಡೆ ಹೋಗುತ್ತಿದ್ದವು, ಹಿಂದೆ ಬರೀ ಹಾಳೆ ಉಳಿಯುತ್ತಿತ್ತು. ಬರೆಯೋಣವೆಂದರೆ ಬರೆಯುವವನ ಕಣ್ಣೇ ಮೊದಲು ಓದಿಬಿಡುತ್ತದೆ. ಕೈ ಎತ್ತುವಷ್ಟರಲ್ಲಿ ಬರೆದದ್ದು ಮಾಯ. ಹೀಗಾಗಿ ಅಲ್ಲಿ ಯಾರೂ ಬರೆಯುತ್ತಿರಲಿಲ್ಲ. ಬಾಗಿಲ ಮೇಲೆ ಹೆಸರಿಲ್ಲ, ಗೋಡೆಯ ಮೇಲೆ ಬರಹವಿಲ್ಲ, ಕಲ್ಲಿನ ಮೇಲೆ ಶಾಸನವಿಲ್ಲ.

ಇದ್ದದ್ದು ತಲೆಗೊಂದು ಪುಸ್ತಕ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹೊಳೆಯಾಚೆಯಿಂದ ಹೊರೆ ಹೊತ್ತವಳೊಬ್ಬಳು ಬಂದು ಅದರ ತಲೆದೆಸೆಗೆ ಒಂದು ಪುಸ್ತಕ ಇಟ್ಟು ಹೋಗುತ್ತಿದ್ದಳು. ಯಾರು ಬರೆದದ್ದು ತಾಯಿ ಅಂತ ಕೇಳಿದರೆ ನಕ್ಕು, ಮೊರದಲ್ಲಿ ಕೊಟ್ಟ ಅಕ್ಕಿ ಮಡಿಲಿಗೆ ಸುರಿದುಕೊಂಡು, ಬಂದ ದಾರಿ ಹಿಡಿಯುತ್ತಿದ್ದಳು. ಮನೆಯವರು ಆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ದಾರದಿಂದ ಏಳು ಗಂಟು ಹಾಕಿ, ನಡುಮನೆಯ ಹಲಗೆಯ ಮೇಲೆ ಇಡುತ್ತಿದ್ದರು. ಕೆಂಪು ಬಟ್ಟೆ, ಏಳು ಗಂಟು. ಅದನ್ನು ಬಿಚ್ಚುವುದು ಬದುಕಿನಲ್ಲಿ ಒಂದೇ ಸಲ, ಹೊರಡುವ ಹೊತ್ತಿಗೆ. ಇನ್ನು ಈ ಮಣ್ಣಿನ ಋಣ ತೀರಿತು ಅನ್ನಿಸಿದಾಗ ಮುದುಕರು ಮಕ್ಕಳನ್ನು ಕರೆದು, "ಗಂಟು ಬಿಚ್ಚಿ" ಅನ್ನುತ್ತಿದ್ದರು. ಅದೇ ಕೊನೆಯ ಓದು. ಗಟ್ಟಿಯಾಗಿ ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದು ಕಣ್ಣು ಮುಚ್ಚಿದರೆ ಅದು ಪುಣ್ಯದ ಸಾವು. ಅರ್ಧಕ್ಕೆ ನಿಂತರೆ ಆ ಜೀವಕ್ಕೆ ದಾರಿಯಿಲ್ಲ, ಗಾಳಿಯಾಗಿ ಮನೆಮನೆಯ ಕದ ತಟ್ಟಿ, "ಆಮೇಲೆ? ಆಮೇಲೆ?" ಅಂತ ಕೇಳುತ್ತ ಅಲೆಯಬೇಕು. ಇನ್ನು ಕಾಲಕ್ಕೆ ಮೊದಲೇ ಗಂಟು ಬಿಚ್ಚಿದವರಿಗೆ ಊರೇ ಇಲ್ಲ. ಅಂಥವರನ್ನು ಗಡಿಕಲ್ಲಿನಾಚೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ನೋಡಿ ಎಂಥ ಜನ! ಎಂಬತ್ತು ವರ್ಷ ಉಪವಾಸವಿದ್ದು, ಹೊರಡುವ ಹೊತ್ತಿಗೆ ಒಂದು ತುತ್ತು.

ಇಂಥ ಊರಿನಲ್ಲಿ ಒಬ್ಬ ಹುಡುಗಿ ಹುಟ್ಟಿದಳು. ಅವಳಿಗೊಂದು ಹೆಸರಿತ್ತು, ಆದರೆ ಅದನ್ನು ಯಾರೂ ಬಳಸಲಿಲ್ಲ. ಚಿಕ್ಕಂದಿನಲ್ಲಿ ಹುಡುಗಿ ಅಂದರು, ದೊಡ್ಡವಳಾದ ಮೇಲೂ ಅದೇ ಅಂಟಿಕೊಂಡಿತು. ಐದು ತುಂಬಿದಾಗ ಅಜ್ಜಿ ಅವಳ ಕೈ ಹಿಡಿದು ಬಾವಿಕಟ್ಟೆಯ ಚಪ್ಪರಕ್ಕೆ ಕರೆತಂದಳು. ಅಲ್ಲಿ ಮರಳು ಮೇಷ್ಟ್ರು ಕೂತಿದ್ದರು. ಊರಿಗೆಲ್ಲ ಅಕ್ಷರ ಕಲಿಸುವವರು ಅವರು, ಊರಿನ ಕಟ್ಟಳೆ ಕಾಯುವವರೂ ಅವರೇ. ಮುಂದೆ ಹರಡಿದ ಮರಳಿನ ಮೇಲೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬೆರಳಿನಿಂದ ಒಂದೇ ಒಂದು ಅಕ್ಷರ ಬರೆಯುತ್ತಿದ್ದರು. ಮಕ್ಕಳು ಅದನ್ನು ಕೂಗಿ ಓದುತ್ತಿದ್ದ ಹಾಗೆ ಮರಳು ತಾನೇ ಸಮವಾಗುತ್ತಿತ್ತು. ದಿನಕ್ಕೊಂದು ಅಕ್ಷರ. ಬರೆಯುವುದು ಮೇಷ್ಟ್ರ ಬೆರಳಿಗೆ ಮಾತ್ರ ಗೊತ್ತಿದ್ದ ವಿದ್ಯೆ.

ಎಂಟನೇ ದಿನಕ್ಕೇ ಹುಡುಗಿ ತಕರಾರು ತೆಗೆದಳು.

"ಆಮೇಲೆ?"

"ಆಮೇಲೆ ಇನ್ನೊಂದು ಅಕ್ಷರ."

"ಅದು ಆದಮೇಲೆ?"

"ಮತ್ತೊಂದು."

"ಎಲ್ಲಾ ಆದಮೇಲೆ?"

"ಆದಮೇಲೆ ಏನು? ಮನೆಗೆ ಹೋಗು, ಉಂಡು ತಿಂದು ಮುದುಕಿಯಾಗು, ಆಮೇಲೆ ಓದು," ಅಂದರು ಮೇಷ್ಟ್ರು. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಹುಡುಗಿ ನಗಲಿಲ್ಲ. ಮರುದಿನ ಮೇಷ್ಟ್ರು ಕಣ್ಣು ಮುಚ್ಚಿ ಬರೆಯುವಾಗ ಅವಳು ಮೆಲ್ಲಗೆ ಅವರ ಬೆರಳಿನ ಮೇಲೆ ತನ್ನ ಬೆರಳಿಟ್ಟಳು. ಅವರ ಬೆರಳು ಹೋದಲ್ಲಿ ಅವಳ ಬೆರಳೂ ಹೋಯಿತು. ಮೇಷ್ಟ್ರು ಗದರಬೇಕಿತ್ತು, ಗದರಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ. ಒಂದು ವರ್ಷ ಹೀಗೇ ನಡೆಯಿತು.

ಅಕ್ಷರ ಬಂದ ಮೇಲೆ ಶುರುವಾಯಿತು ನೋಡಿ ಅವಳ ಹಸಿವು. ಎತ್ತಿನ ಮೈಮೇಲಿನ ಮಚ್ಚೆಯನ್ನು ಓದಿದಳು. ಗೋಡೆಯ ಬಿರುಕು ಓದಿದಳು, ಇರುವೆ ಸಾಲು ಓದಿದಳು, ಬಾಣಲೆಗೆ ಬಿಟ್ಟ ಚಕ್ಕುಲಿಯನ್ನು ಎಣ್ಣೆಯೊಳಗೇ ಓದಲು ಬಗ್ಗಿ ಹುಬ್ಬು ಸುಟ್ಟುಕೊಂಡಳು. ಯಾವುದೂ ಏನೂ ಹೇಳಲಿಲ್ಲ. "ಇವಳಿಗೆ ಹೊಟ್ಟೆಗಲ್ಲ, ಕಣ್ಣಿಗೆ ಅನ್ನ ಹಾಕಬೇಕು," ಅಂತ ಅಜ್ಜಿ ಸುಟ್ಟ ಹುಬ್ಬಿಗೆ ಬೆಣ್ಣೆ ಹಚ್ಚುತ್ತ ನಗುತ್ತಿದ್ದಳು. ಹಾಗೆ ನಗುವ ಅಜ್ಜಿಯೇ ತನ್ನ ಪುಸ್ತಕದ ವಿಷಯ ಬಂದರೆ ಹುಲಿ. ಅದನ್ನು ಯಾರೂ ಮುಟ್ಟುವಂತಿಲ್ಲ, ದೂಳು ಒರೆಸುವುದಕ್ಕೂ ಇಲ್ಲ. ಮಲಗುವಾಗ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

ಹುಡುಗಿಗೆ ಒಂಬತ್ತು ವರ್ಷ. ಬೇಸಿಗೆಯ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ ಹೊತ್ತು. ಮಾಡಿನ ಬೆಳಕಿಂಡಿಯಿಂದ ಬಿಸಿಲು ಇಳಿದು ಸರಿಯಾಗಿ ಅವಳದೇ ಪುಸ್ತಕದ ಮೇಲೆ ಕೂತಿತ್ತು. ಹುಡುಗಿ ಸುಮ್ಮನೆ ನೋಡಿದಳು. ಆಮೇಲೆ ಸುಮ್ಮನೆ ಮುಟ್ಟಿದಳು. ಆಮೇಲೆ, ಒಂದೇ ಒಂದು ಗಂಟು, ಅಂದುಕೊಂಡಳು. ಒಂದಾದ ಮೇಲೆ ಎರಡು ಕಷ್ಟವಲ್ಲ. ಏಳನೆಯದೂ ಬಿಚ್ಚಿತು. ಒಂದೇ ಒಂದು ಸಾಲು, ಅಂದುಕೊಂಡಳು.

"ಹಕ್ಕಿಗಳಿಗೆ ದಾರಿ ಹೇಳುವ ಒಬ್ಬ ಕುರುಡಿ ಇದ್ದಳು." ಮೊದಲ ಸಾಲು ಅದು. ಓದಿದಳು, ಸಾಲು ಎದ್ದು ಹಾರಿತು. ಕಣ್ಣಿಲ್ಲದವಳು ದಾರಿ ಹೇಗೆ ಹೇಳುತ್ತಾಳೆ? ಎರಡನೆಯ ಸಾಲಿಗೆ ಹೋಗದೆ ಇರುವುದು ಹೇಗೆ, ನೀವೇ ಹೇಳಿ. ಅವಳು ಹೋದಳು. ಮೂರನೆಯದಕ್ಕೆ ಹೋದಳು. ಆ ಮಧ್ಯಾಹ್ನ ಅವಳಿಗೆ ಸೆಕೆಯಿರಲಿಲ್ಲ, ಬಾಯಾರಿಕೆಯಿರಲಿಲ್ಲ, ಅಜ್ಜಿಯ ಗೊರಕೆ ಕೂಡ ಇರಲಿಲ್ಲ. ಕುರುಡಿಯ ಅಂಗಳದಲ್ಲಿ ಕೂತು, ದಾರಿ ತಪ್ಪಿದ ಕೊಕ್ಕರೆಗಳ ಜತೆ ತಾನೂ ಸಾಲಿನಲ್ಲಿ ಕಾದಳು. ಕಣ್ಣೆತ್ತಿದಾಗ ಬಿಸಿಲು ಹಲಗೆಯಿಂದ ಗೋಡೆಗೆ ಹತ್ತಿತ್ತು, ಕೊನೆಯ ಸಾಲು ಬೆಳಕಿಂಡಿಯಲ್ಲಿ ಹೊರಗೆ ನುಸುಳುತ್ತಿತ್ತು, ತೊಡೆಯ ಮೇಲೆ ಬರೀ ಹಾಳೆಗಳಿದ್ದವು.

ಅಯ್ಯೋ ದೇವರೇ ಅನ್ನಿಸಿತು. ಅಳು ಬಂತು, ಅಳುವಿನ ಜತೆಗೇ ನಗುವೂ ಬಂತು, ಯಾಕೆಂದರೆ ಕಥೆ ಅಷ್ಟು ಚೆನ್ನಾಗಿತ್ತು. ಅವಸರವಸರವಾಗಿ ಬಟ್ಟೆ ಸುತ್ತಿದಳು, ಆರು ಗಂಟು ಹಾಕಿದಳು. ಏಳನೆಯದು ಎಷ್ಟು ಮಾಡಿದರೂ ಕೂರಲಿಲ್ಲ. ಅಷ್ಟರಲ್ಲಿ ಅಜ್ಜಿ ಮಗ್ಗುಲು ಬದಲಿಸಿದಳು. ಹುಡುಗಿ ಹಾಗೇ ಹಲಗೆಯ ಮೇಲಿಟ್ಟು ಹೊರಗೆ ಓಡಿದಳು. ಸಂಜೆ ಬಂದು ನೋಡಿದರೆ ಏಳೂ ಗಂಟು ಗಟ್ಟಿಯಾಗಿದ್ದವು. "ಹಲಗೆ ಮೇಲೆ ಇಲಿ ಕಾಟ ಶುರುವಾಗಿದೆ," ಅಂದಳು ಅಜ್ಜಿ, ಅಕ್ಕಿ ಆರಿಸುತ್ತ, ಮುಖವೆತ್ತದೆ. ಹುಡುಗಿಗೆ ಬಾಯಲ್ಲಿ ಬಿಸಿತುಪ್ಪ, ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ. ಊರಿಗೆಲ್ಲ ತಾನೊಬ್ಬಳೇ ಕಳ್ಳಿ, ಯಾವತ್ತಾದರೂ ಒಂದು ದಿನ ಗಡಿಕಲ್ಲು ತನಗೆ ತಪ್ಪಿದ್ದಲ್ಲ ಅಂತ ತಿಳಿದು ಬೆಳೆದಳು.

ಭಯ ಇತ್ತು ಅಂತ ಹಸಿವು ಹೋಗುತ್ತದೆಯೇ? ಹೆಚ್ಚಾಯಿತು. ಹದಿನಾರು ತುಂಬಿದಾಗ ಊರಿನ ಪುಟದವಳ ಕೈ ಸೋತು ಆ ಕೆಲಸ ಖಾಲಿಯಾಯಿತು. ಹುಡುಗಿ ಹೋಗಿ, "ನಾನು ಮಾಡ್ತೀನಿ," ಅಂದಳು.

ಪುಟದವಳ ಕೆಲಸ ಏನೆಂದರೆ, ಕೊನೆಯ ಓದಿನಲ್ಲಿ ಮುದುಕರ ಕೈ ನಡುಗುತ್ತದೆ, ಹಾಳೆ ಮಗುಚಲು ಆಗುವುದಿಲ್ಲ. ಅದಕ್ಕೆ ಒಬ್ಬಳು ಪಕ್ಕದಲ್ಲಿ ಕೂತು ಪುಟ ತಿರುವಬೇಕು. ಆದರೆ ಅವಳ ಕಣ್ಣು ಬಿದ್ದರೆ ಅಕ್ಷರ ಹಾರಿಹೋಗುತ್ತದಲ್ಲ? ಹಾಗಾಗಿ ಮೂರು ಮಡಿಕೆಯ ಕಪ್ಪು ಬಟ್ಟೆ ಅವಳ ಕಣ್ಣಿಗೆ; ಅದನ್ನು ಬಿಚ್ಚಿದರೆ ಅವಳಿಗೂ ಗಡಿಕಲ್ಲಿನಾಚೆಯೇ ದಾರಿ. ಓದುವವರು ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದಾಗ ಪುಟ ತಿರುವುವುದು. ಸುತ್ತ ಪರದೆ. ಪರದೆಯಾಚೆ ಮನೆಯವರು, ಅವರ ಮುಂದೆ ಮರಳು ಮೇಷ್ಟ್ರು. ಒಳಗಿನ ದನಿ ನಿಂತರೆ ಮೇಷ್ಟ್ರು, "ಓದು ನಡೆದಿದೆಯೇ?" ಅಂತ ಕೂಗುವರು. ಮೂರು ಸಲ ಕೂಗಿದರೂ ದನಿ ಬಾರದಿದ್ದರೆ ಓದು ಅರ್ಧಕ್ಕೆ ನಿಂತಿತು ಅಂತ ಲೆಕ್ಕ. ಕೇಳಿದ ಕಥೆಯನ್ನು ಹೊರಗೆ ಆಡುವಂತಿಲ್ಲ. ಅದು ಹೋದವರ ಜತೆ ಹೋಯಿತು.

"ಬೆಕ್ಕನ್ನು ಹಾಲಿಗೆ ಕಾವಲು ಇಟ್ಟ ಹಾಗಾಯ್ತು," ಅಂದಳು ಅಜ್ಜಿ. ಅಂದರೂ ಕಪ್ಪು ಬಟ್ಟೆಯ ಅಂಚು ಹೊಲಿದುಕೊಟ್ಟವಳು ಅವಳೇ.

ಹತ್ತು ವರ್ಷ ಹುಡುಗಿ ಆ ಕತ್ತಲಿನಲ್ಲಿ ಕೂತು ಕೇಳಿದಳು. ಸಮುದ್ರವನ್ನು ಮಡಚಿ ಸಂತೆಗೆ ಒಯ್ದ ಬೆಸ್ತನ ಕಥೆ ಕೇಳಿದಳು. ತನ್ನ ನೆರಳಿಗೇ ಹೆಣ್ಣು ನೋಡಲು ಹೊರಟವನ ಕಥೆ ಕೇಳಿದಳು. ಗೌಡರ ಮನೆಯ ಮುದುಕಿಯ ಕಥೆಗೆ ನಕ್ಕೂ ನಕ್ಕೂ ಕಪ್ಪು ಬಟ್ಟೆ ಒದ್ದೆಯಾಯಿತು; ಪರದೆಯಾಚೆ ಅವರೆಲ್ಲ ಅಳುತ್ತಿದ್ದರು, ಇವಳು ಕೆಮ್ಮಿದ ಹಾಗೆ ಮಾಡಿ ಮುಚ್ಚಿಹಾಕಿದಳು. ಕಣ್ಣು ಕಟ್ಟಿಕೊಂಡೇ ಅನ್ನ ಬಡಿಸುವಷ್ಟು, ಹೂ ಕಟ್ಟುವಷ್ಟು, ಸೂಜಿಗೆ ದಾರ ಪೋಣಿಸುವಷ್ಟು ಅವಳ ಬೆರಳು ಪಳಗಿತು.

ಕೇಳುತ್ತ ಕೇಳುತ್ತ ಅವಳಿಗೊಂದು ಅನುಮಾನ ಹುಟ್ಟಿತು. ಒಬ್ಬ ಮುದುಕ ಅರ್ಧ ದಿನ ಓದಿದರೂ ಮಣಿಕಟ್ಟು ತಟ್ಟಲೇ ಇಲ್ಲ. ಇನ್ನೊಬ್ಬಳು ಒಂದು ಸಾಲಿಗೆ ನಾಲ್ಕು ಸಲ ತಟ್ಟಿದಳು. ಅದೂ ಹೋಗಲಿ ಅಂದರೆ, ಓದುವವರ ದನಿ ಓದಿದ ಹಾಗೆ ಇರಲಿಲ್ಲ. ಓದುವಾಗ ಕಣ್ಣು ಮುಂದೆ ಓಡುತ್ತದೆ, ನಾಲಗೆ ಹಿಂದೆ ಬಿದ್ದು ಎಡವುತ್ತದೆ; ಹುಡುಗಿಗೆ ಅದು ಒಂಬತ್ತನೇ ವಯಸ್ಸಿನಿಂದ ಗೊತ್ತು. ಇವರು ಎಡವುತ್ತಿರಲಿಲ್ಲ. ಎಷ್ಟೋ ವರ್ಷ ಬಾಯಲ್ಲೇ ಇಟ್ಟುಕೊಂಡು ಸವೆದ ಕಲ್ಲುಸಕ್ಕರೆಯಂತೆ ನುಣ್ಣಗೆ ಹೇಳುತ್ತಿದ್ದರು. ಇದು ಹೇಗೆ? ಕೇಳೋಣವೆಂದರೆ ಯಾರನ್ನು ಕೇಳುವುದು? ಕುಂಬಳಕಾಯಿ ಕಳ್ಳ ಅಂದರೆ ಮೊದಲು ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ತಾನೇ.

ಹೀಗಿರುವಾಗ ಒಂದು ಬೆಳಿಗ್ಗೆ ಅಜ್ಜಿ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, "ಗಂಟು ಬಿಚ್ಚಿ," ಅಂದಳು.

ಅಮ್ಮ ಗೊಳೋ ಅಂದಳು. ಪರದೆ ಕಟ್ಟಿದರು. ಮೇಷ್ಟ್ರು ಕೋಲೂರಿಕೊಂಡು ಬಂದು ಕೂತರು. ಅವರಿಗೂ ಎಂಬತ್ತರ ಮೇಲಾಗಿತ್ತು, ಅಜ್ಜಿಯ ವಾರಿಗೆಯವರು. ಹುಡುಗಿ ಕಪ್ಪು ಬಟ್ಟೆ ಕಟ್ಟಿಕೊಂಡು ಅಜ್ಜಿಯ ಮಗ್ಗುಲಿಗೆ ಕೂತಳು. ಕಟ್ಟುವ ಮೊದಲು ಒಂದು ಸಲ ಅಜ್ಜಿಯ ಮುಖ ನೋಡಿದಳು, ಅದನ್ನು ಕಣ್ಣೊಳಗೇ ಇಟ್ಟುಕೊಂಡಳು. ಏಳು ಗಂಟು ಬಿಚ್ಚಿದ ಸದ್ದಾಯಿತು. ಕೆಂಪು ಬಟ್ಟೆ ಸರಿದ ಸದ್ದಾಯಿತು. ಅಜ್ಜಿ ಶುರುಮಾಡಿದಳು.

"ಒಬ್ಬ ಕುಂಬಾರನ ಮಗಳು ಬಾಯಿಲ್ಲದ ಮಡಕೆ ಮಾಡಿದಳು. ಸುಟ್ಟು ತೆಗೆದು ಅಲ್ಲಾಡಿಸಿದರೆ ಒಳಗೆ ಏನೋ ಕುಟುಕುಟು ಅಂತು. ಏನದು? ಒಡೆದರೆ ಮಡಕೆ ಹೋಯ್ತು, ಒಡೆಯದಿದ್ದರೆ ಗೊತ್ತಾಗೋದಿಲ್ಲ. ಅವಳು ಮಡಕೆ ಹೊತ್ಕೊಂಡು ಊರೂರು ತಿರುಗಿದಳು. ಮೊದಲನೇ ಊರಿನವರು ಚಿನ್ನ ಅಂದರು. ಎರಡನೇ ಊರಿನವರು ಹಾವು ಅಂದರು…"

ಹುಡುಗಿ ಮೈಯೆಲ್ಲ ಕಿವಿಯಾಗಿ ಕೇಳಿದಳು. ಮೂರನೇ ಊರು, ನಾಲ್ಕನೇ ಊರು. ಅಜ್ಜಿ ಒಂದು ಊರಿಗೆ ಒಂದು ಸಲ ಮಣಿಕಟ್ಟು ತಟ್ಟುತ್ತಿದ್ದಳು. ಏಳನೇ ಊರಿನ ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. "ಆ ಮುದುಕಿ ಮಡಕೆ ಇಸ್ಕೊಂಡು ಕಿವಿಗಿಟ್ಕೊಂಡಳು. ಇಟ್ಕೊಂಡು, ಮಗಳೇ, ಅಂದಳು. ಅಂದು…"

ಅಷ್ಟಕ್ಕೇ ನಿಂತಿತು.

"ಓದು ನಡೆದಿದೆಯೇ?" ಪರದೆಯಾಚೆಯಿಂದ ಮೇಷ್ಟ್ರ ದನಿ.

ಅಜ್ಜಿ ಉಸಿರಾಡುತ್ತಿದ್ದಳು, ಮಾತಿಲ್ಲ. ಕಣ್ಣು ಮಂಜಾಗಿರಬೇಕು, ಅಂದುಕೊಂಡಳು ಹುಡುಗಿ. ಅಜ್ಜಿಯ ಬೆರಳು ಅವಳ ಮಣಿಕಟ್ಟನ್ನು ತಟ್ಟಲಿಲ್ಲ, ಹಿಡಿದುಕೊಂಡಿತು. ಹೊರಗೆ ಅಮ್ಮ ಬಿಕ್ಕುತ್ತಿದ್ದಳು.

"ಓದು ನಡೆದಿದೆಯೇ?" ಎರಡನೇ ಸಲ.

ಇನ್ನೊಂದು ಕೂಗು, ಅಷ್ಟೇ. ಆಮೇಲೆ ಹುಬ್ಬಿಗೆ ಬೆಣ್ಣೆ ಹಚ್ಚಿದ ಈ ಮುದುಕಿ ಗಾಳಿಯಾಗಿ ಕದ ತಟ್ಟಿಕೊಂಡು ಅಲೆಯಬೇಕು. ಕಣ್ಣಿನ ಬಟ್ಟೆ ಬಿಚ್ಚಿದರೆ ತನಗೆ ಊರಿಲ್ಲ. ಹುಡುಗಿ ಹೆಚ್ಚು ಹೊತ್ತು ಯೋಚಿಸಲಿಲ್ಲ. ಅಜ್ಜಿಗೆ ಕಾಣದ್ದನ್ನು ತಾನು ಓದುತ್ತೇನೆ ಅಂದುಕೊಂಡು ಕಪ್ಪು ಬಟ್ಟೆ ಕಿತ್ತೆಸೆದು ಪುಸ್ತಕ ನೋಡಿದಳು.

ಬರೀ ಹಾಳೆ. ಮುಂದಿನ ಪುಟ ತಿರುವಿದಳು, ಬರೀ ಹಾಳೆ. ಇನ್ನೂ ಓದದ ಪುಟಗಳೆಲ್ಲ ತೊಳೆದಿಟ್ಟ ತಟ್ಟೆಯಂತೆ ಖಾಲಿ.

ಅಜ್ಜಿ ಅವಳನ್ನೇ ನೋಡುತ್ತಿದ್ದಳು. "ಎಂಟು ವರ್ಷದವಳಿದ್ದೆ ಕಣೇ," ಅಂದಳು ಪಿಸುಮಾತಿನಲ್ಲಿ. "ತಡ್ಕೊಳ್ಳೋಕೆ ಆಗಲಿಲ್ಲ."

ಹುಡುಗಿಗೆ ಎದೆಯ ಮೇಲಿನ ಹದಿನೇಳು ವರ್ಷದ ಕಲ್ಲು ಜಾರಿದ ಹಾಗಾಯಿತು. "ಅಜ್ಜೀ, ನಾನು ಒಂಬತ್ತಕ್ಕೆ," ಅಂದಳು.

"ಗೊತ್ತು ಮಗಾ. ನಿನ್ನ ಏಳನೇ ಗಂಟು ಹಾಕಿದ್ದು ಯಾರು ಅಂದ್ಕೊಂಡೆ, ಇಲಿನಾ?"

ಇಬ್ಬರಿಗೂ ನಗು. ಸಾವಿನ ಹಾಸಿಗೆಯ ಮೇಲೆ, ಪರದೆಯೊಳಗೆ, ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕ ಮೇಲೆ ಹುಡುಗಿಗೆ ಭಯ ಮರುಕಳಿಸಿತು.

"ಮುಂದಿನದು ಮರೆತುಹೋಯ್ತಾ ಅಜ್ಜಿ?"

ಅಜ್ಜಿ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಹುಡುಗಿಗೆ ತಿಳಿಯಲಿಲ್ಲ. "ಅದು ಬೇಡ," ಅಂದಳು ಅಜ್ಜಿ. "ನೀನು ಹೇಳು. ಆಮೇಲೆ ಏನಾಯ್ತು?"

ಹುಡುಗಿ ಗಂಟಲು ಸರಿಮಾಡಿಕೊಂಡಳು. ಅಜ್ಜಿಯ ದನಿ ತರಲು ನೋಡಿದಳು, ಬರಲಿಲ್ಲ. ಹಾಳಾಗಿ ಹೋಗಲಿ ಅಂತ ತನ್ನ ದನಿಯಲ್ಲೇ, ಪರದೆಯಾಚೆಗೂ ಕೇಳುವ ಹಾಗೆ ಶುರುಮಾಡಿದಳು.

"ಮುದುಕಿ ಹೇಳಿದಳು: ಮಗಳೇ, ಒಳಗಿರೋದು ಏನು ಅಂತ ನೀನು ಏಳು ಊರು ಕೇಳಿದೆ. ಒಳಗಿರೋದೂ ಅದನ್ನೇ ಕೇಳ್ತಿದೆ. ಹೊರಗೆ ಏನಿದೆ, ಹೊರಗೆ ಏನಿದೆ, ಅಂತ. ನೀನು ಯಾವತ್ತಾದರೂ ಹೇಳಿದ್ದೀಯಾ?"

"ಆಮೇಲೆ?" ಅಂದಳು ಅಜ್ಜಿ.

"ಕುಂಬಾರನ ಮಗಳು ಮಡಕೇನ ತೊಡೆ ಮೇಲೆ ಇಟ್ಕೊಂಡಳು. ಹೊರಗೆ ಬಿಸಿಲಿದೆ, ಅಂದಳು. ಕುಟುಕುಟು ಸದ್ದು ನಿಂತು ಅದು ಕೇಳಿಸ್ಕೊಂಡಿತು. ಈರುಳ್ಳಿ ಇದೆ, ಹೆಚ್ಚಿದರೆ ಕಣ್ಣಲ್ಲಿ ನೀರು ಬರ್ತದೆ, ಅಂದಳು. ಕತ್ತೆ ಇದೆ. ಕತ್ತೆ ಅಂದ್ರೆ ಏನು ಅಂತ ಅದು ಕೇಳ್ತು. ಅದನ್ನ ಹೇಳೋಕೇ ಒಂದು ದಿನ ಹಿಡೀತು."

ಅಜ್ಜಿಯ ತುಟಿ ನಕ್ಕಿತು. "ಆಮೇಲೆ?"

"ಆಮೇಲೆ ಹೊಳೆ ಇದೆ ಅಂದಳು. ಹೊಳೆಯಾಚೆ? ಅಂತು ಮಡಕೆ. ಅದು ನಂಗೂ ಗೊತ್ತಿಲ್ಲ, ಬಾ, ನೋಡ್ಕೊಂಡು ಬರೋಣ, ಅಂದಳು. ಮಡಕೆ ಸೊಂಟಕ್ಕೆ ಇಟ್ಕೊಂಡು ಎದ್ದಳು. ಮಡಕೆ ಒಳಗೆ ಅವಳಿಗೆ ಕಾಣಲಿಲ್ಲ, ಮಡಕೆಗೆ ಹೊರಗೆ ಕಾಣಲಿಲ್ಲ, ಇಬ್ಬರೂ ಮಾತಾಡ್ಕೊಂಡು ಹೊಳೆಗೆ ಇಳಿದರು."

"ಆಮೇಲೆ?"

"ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಬಾಯಿಲ್ಲದ ಮಡಕೆ ಅಲ್ವಾ, ಮುಳುಗಲಿಲ್ಲ. ಅವಳು ಅದನ್ನ ತಬ್ಬಿ ಹಿಡ್ಕೊಂಡಳು, ಅದು ಅವಳನ್ನ ತೇಲಿಸ್ಕೊಂಡು ಆಚೆ ದಡಕ್ಕೆ ಕರ್ಕೊಂಡು ಹೋಯ್ತು."

ಹುಡುಗಿ ಕಾದಳು. ಅಜ್ಜಿ ಈ ಸಲ ಕೇಳಲಿಲ್ಲ. ಮಣಿಕಟ್ಟು ಹಿಡಿದಿದ್ದ ಬೆರಳು ಸಡಿಲವಾಗಿತ್ತು.

ಪರದೆ ಸರಿಯಿತು. ಮೇಷ್ಟ್ರು ನಿಂತಿದ್ದರು, ಅವರ ಹಿಂದೆ ಮನೆಯವರೆಲ್ಲ ನಿಂತಿದ್ದರು. ಹುಡುಗಿಯ ಕಣ್ಣು ತೆರೆದಿತ್ತು, ಕಪ್ಪು ಬಟ್ಟೆ ನೆಲದ ಮೇಲಿತ್ತು. ಅಜ್ಜಿಯ ಗುಟ್ಟು ಹೇಳಿದರೆ ಹೋದವಳ ಮಾನ ಹೋಗುತ್ತದೆ. ಹುಡುಗಿ ಎದ್ದು ನಿಂತು, "ಕಣ್ಣಿನ ಬಟ್ಟೆ ಬಿಚ್ಚಿ ನಾನೇ ಓದಿದೆ," ಅಂದಳು. "ಅಜ್ಜಿಗೆ ಕಣ್ಣು ಕಾಣಲಿಲ್ಲ. ಆದರೆ ಕೊನೇ ಸಾಲಿನವರೆಗೂ ಕೇಳಿಸ್ಕೊಂಡೇ ಹೋದಳು. ಅದನ್ನ ಅರ್ಧ ಅನ್ನಬೇಡಿ ಮೇಷ್ಟ್ರೇ."

ಮೇಷ್ಟ್ರು ಬಹಳ ಹೊತ್ತು ಖಾಲಿ ಪುಸ್ತಕ ನೋಡಿದರು, ಅಜ್ಜಿಯ ಮುಖ ನೋಡಿದರು. "ಓದು ಮುಗಿಯಿತು," ಅಂತ ಊರಿಗೆ ಕೇಳುವ ಹಾಗೆ ಸಾರಿದರು. ಆಮೇಲೆ ದನಿ ತಗ್ಗಿಸಿ, "ಪುಟದವಳು ಕಣ್ಣು ಬಿಟ್ಟಿದ್ದಾಳೆ. ಕಟ್ಟಳೆ ಕಟ್ಟಳೆಯೇ," ಅಂದರು. ಅಮ್ಮ ಮಗಳ ಸೆರಗು ಹಿಡಿದುಕೊಂಡು ಕುಸಿದು ಕೂತಳು.

ಅ‌ಜ್ಜಿಯನ್ನು ಹೊಳೆಯ ದಡಕ್ಕೆ ಸೇರಿಸಿ ಬಂದ ಮಾರನೆಯ ಬೆಳಿಗ್ಗೆ ಹುಡುಗಿ ಮೂಡಣದ ಹಾದಿ ಹಿಡಿದಳು. ಬಗಲಲ್ಲಿ ತನ್ನ ಪುಸ್ತಕ, ಕೈಯಲ್ಲಿ ಕಪ್ಪು ಬಟ್ಟೆ. ಅವಳು ಹಾದ ಹಾಗೆ ಒಂದೊಂದೇ ಮನೆ ಬಾಗಿಲು ಹಾಕಿಕೊಳ್ಳಬೇಕು, ಅದು ಪದ್ಧತಿ. ಹಾಕಿಕೊಂಡರು. ಆದರೆ ಯಾರೂ ಪೂರ್ತಿ ಹಾಕಿಕೊಳ್ಳಲಿಲ್ಲ. ಬೆರಳಗಲ ಸಂದು, ಸಂದಿನಲ್ಲಿ ಒಂದೊಂದು ಕಣ್ಣು. ಹೊರಗೆ ಆಡಬಾರದ ಕಥೆ ಒಂದೇ ರಾತ್ರಿಗೆ ಮುನ್ನೂರು ಮನೆ ಸುತ್ತಿ ಬಂದಿತ್ತು ಅಂತ ಕಾಣುತ್ತದೆ. ಒಂದು ಸಂದಿನಿಂದ ಯಾರೋ, "ಏ ಹುಡುಗೀ, ಮಡಕೆ ಆಚೆ ದಡ ಸೇರಿ ಏನು ಮಾಡ್ತು?" ಅಂದರು. ಒಳಗಿನಿಂದ ಇನ್ನೊಬ್ಬರು, "ಶ್!" ಅಂದರು. ಹುಡುಗಿ ನಿಲ್ಲಲಿಲ್ಲ. ಅಳು ಬರುತ್ತಿತ್ತು, ನಿಂತರೆ ಅತ್ತುಬಿಡುತ್ತಿದ್ದಳು.

ಗಡಿಕಲ್ಲಿನವರೆಗೆ ಕರೆದೊಯ್ದು ಬಿಡುವುದು ಮೇಷ್ಟ್ರ ಕೆಲಸ. ಅವರು ಏದುಸಿರು ಬಿಡುತ್ತ ಹಿಂದೆ ಹಿಂದೆ ಬಂದರು. ಹುಡುಗಿ ಕಲ್ಲು ದಾಟಿ ನಿಂತಳು. ಮೇಷ್ಟ್ರು ಈಚೆಗೆ ನಿಂತರು. ತಿರುಗಿ ಹೋಗಬೇಕಿತ್ತು, ಹೋಗಲಿಲ್ಲ.

"ನಿನ್ನ ಅಜ್ಜಿ ಪುಸ್ತಕ ಮೊದಲೇ ಖಾಲಿಯಾಗಿತ್ತು ತಾನೇ?" ಅಂದರು.

ಹುಡುಗಿ ಬಗಲಿನ ಪುಸ್ತಕ ಒತ್ತಿ ಹಿಡಿದಳು.

"ಹೇಳಬೇಡ, ಬಿಡು. ನನಗೆ ಗೊತ್ತು. ಅವಳೂ ನಾನೂ ಒಟ್ಟಿಗೇ ಓದಿದ್ದು. ಹಿತ್ತಿಲಲ್ಲಿ, ಕರಿಬೇವಿನ ಗಿಡದ ಬುಡದಲ್ಲಿ. ಒಬ್ಬರು ಓದಿದ ಪುಟ ಇನ್ನೊಬ್ಬರಿಗೆ ಸಿಕ್ಕೋದಿಲ್ಲವಲ್ಲ, ಅದಕ್ಕೆ ಅವಳೊಂದು ಪುಟ, ನಾನೊಂದು ಪುಟ. ಓದಿ ಓದಿ ಒಬ್ಬರಿಗೊಬ್ಬರು ಹೇಳ್ಕೊಂಡ್ವಿ. ಕೊನೇ ಪುಟ ನನ್ನ ಪಾಲಿಗೆ ಬಂತು." ಕೋಲಿನ ತುದಿಯಿಂದ ಮಣ್ಣು ಕೆದಕಿದರು. "ನಿನ್ನೆ ಪರದೆಯಾಚೆ ಕೂತಿದ್ದೆ. ಮುಂದಿನದು ನನಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ನಾನೂ ಕಳ್ಳ ಅಂತ ಊರಿಗೆ ತಿಳೀತಿತ್ತು. ಹೇಡಿ ನಾನು, ಬಾಯಿ ಬಿಡಲಿಲ್ಲ. ಮೂರನೇ ಸಲ ಕೂಗೋಕೂ ನಾಲಗೆ ಏಳಲಿಲ್ಲ."

ಹುಡುಗಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. "ಆ ಪುಟದಲ್ಲಿ ಏನಿತ್ತು ಮೇಷ್ಟ್ರೇ?"

"ಮುದುಕಿ, ಒಡೆ, ಅಂದಳು. ಕುಂಬಾರನ ಮಗಳು ಒಡೆದಳು. ಒಳಗೆ ಒಂದು ಒಣ ಮಣ್ಣಿನ ಹೆಂಟೆ ಇತ್ತು."

"ಅಷ್ಟೇನಾ?"

"ಅಷ್ಟೇ. ನಿನ್ನ ಅಜ್ಜೀನೂ ಹೀಗೇ, ಅಷ್ಟೇನಾ, ಅಂದಳು. ನೀನು ಸುಳ್ಳು ಹೇಳ್ತೀಯ, ಬೇರೆ ಏನೋ ಇತ್ತು, ನೀನೊಬ್ಬನೇ ನುಂಗಿಬಿಟ್ಟೆ ಅಂತ ನನ್ನ ಜತೆ ಮಾತು ಬಿಟ್ಟಳು. ಎಪ್ಪತ್ತು ವರ್ಷ ಎದುರು ಸಿಕ್ಕಾಗೆಲ್ಲ ಮುಖ ತಿರುಗಿಸ್ತಿದ್ದಳು. ಅವಳು ಮರೀಲಿಲ್ಲ ಕಣಮ್ಮ. ಆ ಹೆಂಟೇನ ಬಾಯಿಂದ ಹೇಳಿ ಹೋಗೋಕೆ ಅವಳಿಗೆ ಮನಸ್ಸಿರಲಿಲ್ಲ."

ಅದು ಬೇಡ, ನೀನು ಹೇಳು, ಅಂದಿದ್ದಳು ಅಜ್ಜಿ. ಹುಡುಗಿ ಗಡಿಕಲ್ಲಿಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು, ನಿನ್ನೆಯಿಂದ ತಡೆದಿದ್ದನ್ನೆಲ್ಲ ಅತ್ತಳು. ಅವಳ ಅಳು ಒಂದು ಹದಕ್ಕೆ ಬಂದ ಮೇಲೆ ಮೇಷ್ಟ್ರು ಕೋಲು ಎತ್ತಿ ಆಚೆಗೆ ಊರಿದರು, ಒಂದು ಕಾಲು ಇಟ್ಟರು, ಇನ್ನೊಂದು ಕಾಲು ಇಟ್ಟರು. ಕಟ್ಟಳೆ ಕಾಯುವ ಮೇಷ್ಟ್ರು ಗಡಿಕಲ್ಲು ದಾಟಿ ಅವಳ ಪಕ್ಕ ಮಣ್ಣಿನಲ್ಲಿ ಕೂತರು. ಬಗಲಿನಿಂದ ಒಂದು ಪುಸ್ತಕ ತೆಗೆದರು. ಕೆಂಪು ಬಟ್ಟೆ, ಏಳು ಗಂಟು. ಒಂದೊಂದೇ ಬಿಚ್ಚಿದರು. ಬರೀ ಹಾಳೆ.

"ಏಳು ವರ್ಷಕ್ಕೆ," ಅಂದರು. "ನಂದು ಏನೂ ನೆನಪಿಲ್ಲ, ಪೂರ್ತಿ ಮರೆತುಹೋಗಿದೆ. ನಾಳೆ ನಾನು ಏನು ಓದಿ ಹೋಗಲಿ?" ಟೊಂಕದಿಂದ ಒಂದು ಇದ್ದಿಲ ತುಂಡು ತೆಗೆದು ಅವಳ ಅಂಗೈಯಲ್ಲಿಟ್ಟರು. "ನಿನ್ನ ಮಡಕೆ ಕಥೆ ಇದರಲ್ಲಿ ಬರಿ."

"ಬರೀತಿದ್ದ ಹಾಗೆ ನನ್ನ ಕಣ್ಣೇ ಓದಿಬಿಡುತ್ತಲ್ಲ ಮೇಷ್ಟ್ರೇ."

ಮೇಷ್ಟ್ರು ಅವಳ ಕೈಯಲ್ಲಿದ್ದ ಕಪ್ಪು ಬಟ್ಟೆ ನೋಡಿದರು. ಅವಳೂ ನೋಡಿದಳು. ಹತ್ತು ವರ್ಷ ಕತ್ತಲಿನಲ್ಲಿ ಪಳಗಿದ ಬೆರಳು. ಅದಕ್ಕೂ ಮೊದಲು ಒಂದು ವರ್ಷ ಇದೇ ಮುದುಕರ ಬೆರಳಿನ ಮೇಲೆ ಕೂತು ಮರಳಿನಲ್ಲಿ ಓಡಾಡಿದ ಬೆರಳು. ಹುಡುಗಿ ಮೂಗು ಒರೆಸಿಕೊಂಡು ಬಟ್ಟೆ ಕಟ್ಟಿಕೊಂಡಳು. "ನೀವು ಆಚೆ ತಿರುಗಿ. ಇಣುಕಿದರೆ ನೋಡಿ," ಅಂದಳು. ಮೇಷ್ಟ್ರು ತಿರುಗಿ ಕೂತರು. ಇದ್ದಿಲು ಹಾಳೆಯ ಮೇಲೆ ಸರಸರ ಓಡಿತು. ಸಾಲು ಡೊಂಕಾಯಿತು, ಒಂದರ ಮೇಲೊಂದು ಹತ್ತಿತು, ಆದರೆ ನಿಂತಿತು. ಆ ಊರಿನವರೊಬ್ಬರು ಬರೆದ ಸಾಲು ಮೊದಲ ಸಲ ಹಾಳೆಯ ಮೇಲೆ ನಿಂತಿತು.

ಒಂದು ಪುಟ ಆಯಿತು ಅಂದಳು. ಕೊನೆಯ ಹೊತ್ತಿಗೆ ಇಟ್ಟುಕೊಳ್ಳಲಿ ಅಂತ ಅವಳು ಕೊಟ್ಟದ್ದು. ಎಂಬತ್ತು ದಾಟಿದ ಮೇಷ್ಟ್ರು ಈ ಸಲವೂ ತಡೆದುಕೊಳ್ಳಲಿಲ್ಲ. ಅಲ್ಲೇ ಕೂತು ಗಬಗಬ ಓದಿಬಿಟ್ಟರು. ಅಕ್ಷರಗಳು ಎದ್ದು ಅವರ ಬೋಳುತಲೆಯ ಮೇಲಿಂದ ಹೊಳೆಯ ಕಡೆಗೆ ಹಾರಿದವು. ಖಾಲಿ ಹಾಳೆಯನ್ನು ಮತ್ತೆ ಅವಳ ಮುಂದೆ ಹಿಡಿದು, ಐದು ವರ್ಷದ ಮಗುವಿನ ಹಾಗೆ, "ಆಮೇಲೆ?" ಅಂದರು.

ಹುಡುಗಿ ಬಟ್ಟೆಯ ಕಟ್ಟು ಬಿಗಿ ಮಾಡಿಕೊಂಡು ಮತ್ತೆ ಬರೆಯಲು ಬಗ್ಗಿದಳು. ಹಾದಿಯ ಕಡೆಯಿಂದ ಹೆಜ್ಜೆ ಸದ್ದು ಕೇಳಿಸುತ್ತಿತ್ತು. ಒಂದಲ್ಲ ಎರಡಲ್ಲ. ಗಂಟು ಬಿಚ್ಚುವ ಸದ್ದು, ಕೆಂಪು ಬಟ್ಟೆ ಸರಿಯುವ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಎಷ್ಟು ವರ್ಷಕ್ಕೆ ಬಿಚ್ಚಿದ್ದು ಅಂತ ಯಾರೂ ಯಾರನ್ನೂ ಕೇಳಲಿಲ್ಲ.

ನಾನು ಆ ಊರಿಗೆ ಹೋದಾಗ ಗಡಿಕಲ್ಲು ಹುಡುಕಿದೆ. ಇದ್ದ ಜಾಗದಲ್ಲೇ ಇದೆ, ಯಾರೂ ಕದಲಿಸಿಲ್ಲ. ಅದರ ಸುತ್ತ ಮನೆಗಳೆದ್ದು ಈಗ ಅದು ಊರ ನಡುವೆ ಇದೆ. ಅದರ ಮೇಲೆ ಕೂತು ಮಕ್ಕಳು ಓದುತ್ತಾರೆ.